ಶುಭಾಶಯ ಕಾರ್ಡು ತಂದ ಸರ್ ಹೆನ್ರಿ ಕೋಲ್

(ಮಹನೀಯರ ಜೀವನ ಪರಿಚಯ)

 

ಡಿಸೆಂಬರ್ ಬಂತೆಂದರೆ ಹಬ್ಬಗಳು ಸಾಲು ಹಚ್ಚಿ ಬರುತ್ತವೆ. ಮೊದಲು ಕ್ರಿಸ್‌ಮಸ್, ಅದರ ಬೆನ್ನಿಗೆ ಹೊಸ ವರ್ಷ, ಆಮೇಲೆ ಸಂಕ್ರಾಂತಿ, ನಂತರ ನಮ್ಮ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ. ಈ ದಿನಗಳಲ್ಲಿ ಒಬ್ಬರಿಗೊಬ್ಬರು ಶುಭಾಶಯ ಹೇಳುತ್ತೇವೆ. ಕೆಲವರು ಅಂಗಡಿಯಿಂದ ಕಾರ್ಡು ತಂದು ಕೊಡುತ್ತಾರೆ. ಈಗಂತೂ ಹೆಚ್ಚಿನವರು ಮೊಬೈಲಿನಲ್ಲೇ ಒಂದು ಚಿತ್ರ ಕಳಿಸಿ ಮುಗಿಸಿಬಿಡುತ್ತಾರೆ. ಆದ್ರೆ ಅಚ್ಚು ಹಾಕಿದ ಶುಭಾಶಯ ಕಾರ್ಡು ಎಂಬುದು ಎಲ್ಲಿಂದ ಬಂತು, ಅದನ್ನು ಮೊದಲು ಮಾಡಿಸಿದವರು ಯಾರು ಎಂದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಅವರೇ ಇಂಗ್ಲೆಂಡಿನ ಸರ್ ಹೆನ್ರಿ ಕೋಲ್. ಅವರ ಜೀವನವನ್ನು ಈ ಸಂಚಿಕೆಯಲ್ಲಿ ತಿಳಿಯೋಣ. ನಮ್ಮ ಬೀದರಿನ ಬಿದ್ರಿ ಕಲೆಗೂ ಅವರ ಕಥೆಗೂ ಒಂದು ನಂಟಿದೆ. ಅದು ಮುಂದೆ ಬರುತ್ತದೆ. ಕಡೆಗೆ ನಾವೇ ಕೈಯಿಂದ ಕಾರ್ಡು ಮಾಡುವ ವಿಧಾನವನ್ನೂ ಬರೆದಿದೆ, ತಪ್ಪದೆ ಓದಿರಿ.

ಜನನ ಮತ್ತು ಬಾಲ್ಯ

ಹೆನ್ರಿ ಕೋಲ್ ಅವರು 1808ನೇ ಇಸವಿ ಜುಲೈ 15ರಂದು ಇಂಗ್ಲೆಂಡಿನ ಬಾತ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದರು. ಹುಡುಗನನ್ನು ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಶಾಲೆಗೆ ಸೇರಿಸಿದರು. ಹೆಸರಿನಲ್ಲಿ ಹಾಸ್ಪಿಟಲ್ ಎಂದಿದ್ದರೂ ಅದು ದವಾಖಾನೆ ಅಲ್ಲ, ದಾನಿಗಳ ಹಣದಿಂದ ನಡೆಯುತ್ತಿದ್ದ ಹಳೆಯ ಶಾಲೆ. ಅಲ್ಲಿನ ಮಕ್ಕಳಿಗೆ ಉದ್ದನೆಯ ನೀಲಿ ಕೋಟು, ಹಳದಿ ಕಾಲುಚೀಲ. ಆ ವೇಷ ನೋಡಿದ ಕೂಡಲೇ ಇದು ಯಾವ ಶಾಲೆಯ ಹುಡುಗ ಎಂದು ಊರಿಗೇ ಗೊತ್ತಾಗುತ್ತಿತ್ತು.

ಕೋಲ್ ಕಾಲೇಜು ಮೆಟ್ಟಿಲು ಹತ್ತಲಿಲ್ಲ. 1823ರಲ್ಲಿ, ಇನ್ನೂ 15 ವರ್ಷ ತುಂಬುವ ಮೊದಲೇ, ಕೆಲಸಕ್ಕೆ ಸೇರಿದರು. ಇವತ್ತು ನಮ್ಮ ಒಂಬತ್ತನೇ ತರಗತಿಯವರ ವಯಸ್ಸು ಅದು. ಸರ್ಕಾರದ ಹಳೆಯ ದಾಖಲೆಗಳನ್ನು ನೋಡಿ ನಕಲು ಬರೆಯುವ ಗುಮಾಸ್ತೆಯ ಕೆಲಸ. ಫ್ರಾನ್ಸಿಸ್ ಪಾಲ್‌ಗ್ರೇವ್ ಎಂಬ ವಿದ್ವಾಂಸರ ಕೈಕೆಳಗೆ ದಿನವಿಡೀ ಕುಳಿತು ಬರೆಯಬೇಕು. ಬಿಡುವಿನಲ್ಲಿ ಅವರು ಡೇವಿಡ್ ಕಾಕ್ಸ್ ಎಂಬ ಪ್ರಸಿದ್ಧ ಚಿತ್ರಕಾರರ ಬಳಿ ಜಲವರ್ಣದ ಚಿತ್ರ ಬಿಡಿಸುವುದನ್ನು ಕಲಿತರು. ಚಿತ್ರದ ಮೇಲಿನ ಈ ಪ್ರೀತಿ ಕಡೆಯವರೆಗೂ ಅವರ ಜೊತೆಗಿತ್ತು. 1833ರಲ್ಲಿ ಮೇರಿಯನ್ ಬಾಂಡ್ ಎಂಬವರ ಜೊತೆ ಮದುವೆಯಾಯಿತು. ಈ ದಂಪತಿಗೆ 8 ಮಕ್ಕಳು.

ಇಲಿಯೇ ಸಾಕ್ಷಿ

ಆ ಕಾಲದಲ್ಲಿ ಸರ್ಕಾರದ ದಾಖಲೆಗಳ ಗತಿ ಕೇಳುವಂತಿರಲಿಲ್ಲ. ನೂರಾರು ವರ್ಷಗಳ ಕಾಗದಪತ್ರಗಳು ಒದ್ದೆ ನೆಲದ ಮೇಲೆ, ಕತ್ತಲೆ ಕೋಣೆಗಳಲ್ಲಿ ಬಿದ್ದಿದ್ದವು. ಇಲಿ ಹೆಗ್ಗಣಗಳಿಗೆ ಅದೇ ಊಟ. ಕೋಲ್ ಇದನ್ನು ನೋಡಿ ಸುಮ್ಮನೆ ಕೂರಲಿಲ್ಲ. ಮೇಲಿನವರ ತಪ್ಪುಗಳನ್ನು ಬಹಿರಂಗವಾಗಿ ಎತ್ತಿ ತೋರಿಸಿದರು. ಅದಕ್ಕೆ ಅವರನ್ನು 1835ರಲ್ಲಿ ಕೆಲಸದಿಂದಲೇ ತೆಗೆದರು. ಹೆಂಡತಿ ಇದ್ದ ಮನೆ, ಸಂಬಳ ನಿಂತುಹೋಯಿತು. ಆದರೂ ಅವರು ಹಿಂದೆ ಸರಿಯಲಿಲ್ಲ, ಪತ್ರಿಕೆಗಳಲ್ಲಿ ಬರೆದರು, ಪಾರ್ಲಿಮೆಂಟಿನ ಸದಸ್ಯರಿಗೆ ವಿಷಯ ಮುಟ್ಟಿಸಿದರು. ಕೊನೆಗೆ ಅವರನ್ನು ಮರಳಿ ತೆಗೆದುಕೊಂಡರು. 1838ರಲ್ಲಿ ದಾಖಲೆಗಳನ್ನು ಕಾಪಾಡಲು ಹೊಸ ಕಾನೂನೇ ಬಂತು.

ಇದರಲ್ಲಿ ಒಂದು ತಮಾಷೆಯ ಸಂಗತಿ ಇದೆ. ದಾಖಲೆಗಳ ನಡುವೆ ಅವರಿಗೆ ಒಂದು ಸತ್ತು ಒಣಗಿದ ಇಲಿ ಸಿಕ್ಕಿತು. ಅದರ ಹೊಟ್ಟೆ ತುಂಬ ಕಾಗದದ ಚೂರು. ಅವರು ಅದನ್ನು ಬಿಸಾಕದೆ ಸಾಕ್ಷಿ ಎಂದು ತೆಗೆದಿಟ್ಟರು. ಆ ಇಲಿ ಲಂಡನ್ನಿನ ರಾಷ್ಟ್ರೀಯ ದಾಖಲಾಲಯದಲ್ಲಿ ಇವತ್ತಿಗೂ ಭದ್ರವಾಗಿದೆ ನೋಡ್ರಿ!

ಒಂದು ಪೆನ್ನಿಯ ಟಪಾಲು

ಕಾರ್ಡಿನ ಕಥೆ ತಿಳಿಯಬೇಕಾದರೆ ಮೊದಲು ಟಪಾಲಿನ ಕಥೆ ತಿಳಿಯಬೇಕು. ಯಾಕಂದ್ರೆ ಟಪಾಲು ಸಸ್ತಾ ಆಗದಿದ್ದರೆ ಕಾರ್ಡು ಹುಟ್ಟುತ್ತಲೇ ಇರಲಿಲ್ಲ.

ಅಂದು ಇಂಗ್ಲೆಂಡಿನಲ್ಲಿ ಪತ್ರ ಕಳಿಸುವವರು ಸಾಮಾನ್ಯವಾಗಿ ಹಣ ಕೊಡುತ್ತಿರಲಿಲ್ಲ. ಪತ್ರ ಪಡೆಯುವವರು ಕೊಡಬೇಕಾಗಿತ್ತು. ಊರು ದೂರವಾದಷ್ಟು, ಹಾಳೆ ಹೆಚ್ಚಾದಷ್ಟು ದುಡ್ಡು ಹೆಚ್ಚು. ಮಗ ದೂರದ ಪಟ್ಟಣದಲ್ಲಿ ದುಡಿಯುತ್ತಿದ್ದಾನೆ, ಅವನ ಪತ್ರ ಬಾಗಿಲಿಗೆ ಬಂದಿದೆ, ಆದರೆ ಬಿಡಿಸಿಕೊಳ್ಳಲು ತಾಯಿಯ ಕೈಯಲ್ಲಿ ಕಾಸಿಲ್ಲ. ಇಂಥ ಬಡವರಿಗೆ ಟಪಾಲು ಇದ್ದೂ ಇಲ್ಲದಂತೆ.

1837ರಲ್ಲಿ ರೋಲೆಂಡ್ ಹಿಲ್ ಎಂಬವರು ಇದಕ್ಕೆ ಒಂದು ಉಪಾಯ ಮುಂದಿಟ್ಟರು. ದೇಶದೊಳಗೆ ಎಷ್ಟೇ ದೂರವಿರಲಿ, ಹಗುರವಾದ ಪತ್ರಕ್ಕೆ ಒಂದೇ ಪೆನ್ನಿ, ಅದನ್ನೂ ಕಳಿಸುವವರೇ ಮೊದಲು ಕೊಡಬೇಕು. ಈ ವಿಚಾರವನ್ನು ಜನರಿಗೆ ಮುಟ್ಟಿಸಲು ವ್ಯಾಪಾರಸ್ಥರು ಒಂದು ಸಮಿತಿ ಕಟ್ಟಿದರು. ಅದರ ಕಾರ್ಯದರ್ಶಿ ನಮ್ಮ ಹೆನ್ರಿ ಕೋಲ್. ಅವರು ಪೋಸ್ಟ್ ಸರ್ಕ್ಯುಲರ್ ಎಂಬ ಪತ್ರಿಕೆಯನ್ನೇ ನಡೆಸಿದರು. 1840ರ ಜನವರಿ 10ರಂದು ಒಂದು ಪೆನ್ನಿಯ ಟಪಾಲು ಜಾರಿಗೆ ಬಂತು. ಅದೇ ವರ್ಷ ಮೇ 6ರಿಂದ ಜಗತ್ತಿನ ಮೊದಲ ಅಂಟಿಸುವ ಅಂಚೆಚೀಟಿ ಪೆನ್ನಿ ಬ್ಲ್ಯಾಕ್ ಬಳಕೆಗೆ ಬಂತು. ಅಂಚೆಚೀಟಿ ಹೇಗಿರಬೇಕು ಎಂದು ಸರ್ಕಾರ ನಡೆಸಿದ ಸ್ಪರ್ಧೆಯಲ್ಲಿ ಬಹುಮಾನ ಗೆದ್ದವರಲ್ಲಿ ಕೋಲ್ ಕೂಡ ಒಬ್ಬರು. 1839ರಲ್ಲಿ ಸುಮಾರು 7 ಕೋಟಿ 60 ಲಕ್ಷ ಇದ್ದ ಪತ್ರಗಳು 1840ರಲ್ಲಿ ಸುಮಾರು 16 ಕೋಟಿ 90 ಲಕ್ಷಕ್ಕೆ ಏರಿದವು. ಒಂದೇ ವರ್ಷದಲ್ಲಿ ದುಪ್ಪಟ್ಟಿಗೂ ಹೆಚ್ಚು.

ಇಲ್ಲಿ ಉಬ್ಬಚ್ಚಿನ ಮಾತೂ ಬರುತ್ತದೆ. ಅಂಚೆಚೀಟಿಯ ಜೊತೆಗೆ ಮುಲ್‌ರೆಡಿ ಎಂಬ ಕಲಾವಿದರು ಬಿಡಿಸಿದ ಚಿತ್ರದ ಲಕೋಟೆಗಳೂ ಬಂದಿದ್ದವು. ಆ ಚಿತ್ರದಲ್ಲಿ ಆನೆ, ಒಂಟೆ, ರೆಕ್ಕೆಯ ದೂತರು ಎಲ್ಲ ಇದ್ದು ಗಿಜಿಗಿಜಿ ಎನಿಸುತ್ತಿತ್ತು. ಜನ ಅದನ್ನು ನೋಡಿ ನಕ್ಕರು, ವ್ಯಂಗ್ಯಚಿತ್ರ ಬರೆದರು. ಸರ್ಕಾರ ಅದನ್ನು ಹಿಂದಕ್ಕೆ ತೆಗೆದುಕೊಂಡು 1841ರಲ್ಲಿ ಬೇರೆ ಲಕೋಟೆ ತಂದಿತು. ಅದರ ಮೇಲೆ ರಾಣಿಯ ಮುಖವನ್ನು ಉಬ್ಬಿ ಬರುವಂತೆ ಒತ್ತಿದ್ದರು. ಕೈಯಾಡಿಸಿದರೆ ಬೆರಳಿಗೆ ತಿಳಿಯುವ ಅಚ್ಚು. ಅದು ಜನರಿಗೆ ಹಿಡಿಸಿತು.

ನಮ್ಮ ದೇಶದ ಕಡೆಯೂ ಇದೇ ಆಯಿತು. 1852ರ ಜುಲೈ 1ರಂದು ಸಿಂಧ್ ಪ್ರಾಂತದಲ್ಲಿ ಸಿಂಧ್ ಡಾಕ್ ಎಂಬ ಅರ್ಧ ಆಣೆಯ ಚೀಟಿ ಹೊರಬಂತು. ಏಷ್ಯಾ ಖಂಡದಲ್ಲೇ ಅದು ಮೊದಲ ಅಂಟಿಸುವ ಅಂಚೆಚೀಟಿ. ದುಂಡಗಿನ ಆ ಚೀಟಿಯಲ್ಲಿರುವುದೂ ಉಬ್ಬಚ್ಚೇ. ಮೊದಲು ಕೆಂಪು ಅರಗಿನಲ್ಲಿ ಒತ್ತಿದರು. ಅರಗು ಪುಡಿಪುಡಿಯಾಗಿ ಒಡೆಯಿತು. ಆಮೇಲೆ ಬಿಳಿ ಕಾಗದದ ಮೇಲೆ ಬಣ್ಣವಿಲ್ಲದೆ ಬರೀ ಉಬ್ಬು ಮೂಡಿಸಿದರು. 1854ರ ಅಕ್ಟೋಬರಿನಿಂದ ಬ್ರಿಟಿಷರ ಆಡಳಿತದ ಭಾಗಗಳಲ್ಲೆಲ್ಲ ದೂರ ನೋಡದೆ ಅರ್ಧ ಆಣೆಯ ದರ ಬಂತು. ನಮ್ಮ ಬೀದರ ಭಾಗ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ಸಂಸ್ಥಾನ 1869ರಲ್ಲಿ ತನ್ನದೇ ಅಂಚೆಚೀಟಿ ಹೊರಡಿಸಿತು.

ಮೊದಲ ಕ್ರಿಸ್‌ಮಸ್ ಕಾರ್ಡು, 1843

ಟಪಾಲು ಸಸ್ತಾ ಆದಮೇಲೆ ಪತ್ರ ಬರೆಯುವವರು ಹೆಚ್ಚಿದರು. ಕ್ರಿಸ್‌ಮಸ್ ಮತ್ತು ಹೊಸ ವರ್ಷಕ್ಕೆ ಬಂಧುಬಳಗಕ್ಕೆಲ್ಲ ಕೈಯಿಂದ ಪತ್ರ ಬರೆಯುವ ರೂಢಿ ಇತ್ತು. ಬಂದ ಪತ್ರಕ್ಕೆ ಉತ್ತರ ಬರೆಯದಿದ್ದರೆ ಅಗೌರವ. ಕೋಲ್ ಅವರಿಗೆ ಪರಿಚಯದವರು ನೂರಾರು ಮಂದಿ, ಮೈತುಂಬ ಕೆಲಸ. ಇಷ್ಟು ಮಂದಿಗೆ ಬರೆಯುವುದು ಹ್ಯಾಂಗ? ಆಗ ಅವರಿಗೊಂದು ಯುಕ್ತಿ ಹೊಳೆಯಿತು. ಒಂದೇ ಚಿತ್ರ, ಒಂದೇ ಶುಭಾಶಯದ ಮಾತು ಅಚ್ಚು ಹಾಕಿಸಿ ಎಲ್ಲರಿಗೂ ಕಳಿಸಿದರಾಯಿತು!

1843ರಲ್ಲಿ ಅವರು ತಮ್ಮ ಗೆಳೆಯ, ಚಿತ್ರಕಾರ ಜಾನ್ ಕಾಲ್‌ಕಾಟ್ ಹಾರ್ಸ್‌ಲಿ ಅವರಿಂದ ಚಿತ್ರ ಬಿಡಿಸಿದರು. ಕಾರ್ಡಿನ ಉದ್ದ 5 ಇಂಚಿಗಿಂತ ಸ್ವಲ್ಪ ಹೆಚ್ಚು, ಅಗಲ 3 ಇಂಚಿಗಿಂತ ಸ್ವಲ್ಪ ಹೆಚ್ಚು. ದ್ರಾಕ್ಷಿ ಬಳ್ಳಿಯ ಚಪ್ಪರದಂತೆ ಅದನ್ನು ಮೂರು ಭಾಗ ಮಾಡಿದ್ದರು. ನಡುವೆ ಅಜ್ಜ ಅಜ್ಜಿಯಿಂದ ಹಿಡಿದು ಮೊಮ್ಮಕ್ಕಳವರೆಗೆ ಒಂದು ತುಂಬಿದ ಮನೆಯವರು ಊಟಕ್ಕೆ ಕುಳಿತಿದ್ದಾರೆ. ಅವರೆಲ್ಲ ಲೋಟ ಎತ್ತಿ ಕಾರ್ಡು ಪಡೆದವರ ಕಡೆಗೇ ನೋಡುತ್ತಿದ್ದಾರೆ. ಒಂದು ಪಕ್ಕದಲ್ಲಿ ಹಸಿದವರಿಗೆ ಅನ್ನ ನೀಡುವ ಚಿತ್ರ. ಇನ್ನೊಂದು ಪಕ್ಕದಲ್ಲಿ ಬಟ್ಟೆಯಿಲ್ಲದವರಿಗೆ ಬಟ್ಟೆ ಹೊದಿಸುವ ಚಿತ್ರ. ಹಬ್ಬದ ದಿನ ನಾವು ಉಂಡರೆ ಸಾಲದು, ಇಲ್ಲದವರಿಗೂ ಕೊಡಬೇಕು ಎಂಬುದೇ ಇದರ ತಾತ್ಪರ್ಯ. ಮೇಲೆ ಯಾರಿಗೆ, ಕೆಳಗೆ ಯಾರಿಂದ ಎಂದು ಹೆಸರು ಬರೆಯಲು ಖಾಲಿ ಜಾಗ ಬಿಟ್ಟಿದ್ದರು.

ಸುಮಾರು 1,000 ಕಾರ್ಡುಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಕಲ್ಲಚ್ಚು ಎಂದರೆ ನುಣುಪಾದ ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಚಿತ್ರ ಬರೆದು, ಕಲ್ಲಿಗೆ ನೀರು ಹಚ್ಚಿ, ಆಮೇಲೆ ಮಸಿ ಉರುಳಿಸುವುದು. ನೀರಿದ್ದ ಕಡೆ ಮಸಿ ಹಿಡಿಯುವುದಿಲ್ಲ, ಜಿಡ್ಡಿದ್ದ ಕಡೆ ಹಿಡಿಯುತ್ತದೆ. ಅದರ ಮೇಲೆ ಕಾಗದ ಒತ್ತಿದರೆ ಚಿತ್ರ ಬರುತ್ತದೆ. ನಮ್ಮ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು ಹರ್ಮನ್ ಮೋಗ್ಲಿಂಗ್ ಅವರು ಕಲ್ಲಚ್ಚಿನಲ್ಲೇ ಹೊರತಂದರು. ಅದರ ಮೊದಲ ಸಂಚಿಕೆ ಬಂದದ್ದು 1843ರ ಜುಲೈ 1ರಂದು, ಅಂದರೆ ಈ ಕಾರ್ಡು ಬಂದ ವರ್ಷವೇ!

ಅಚ್ಚಿನಿಂದ ಬಂದದ್ದು ಕಪ್ಪು ಗೆರೆ ಮಾತ್ರ. ಬಣ್ಣವನ್ನು ಒಂದೊಂದೇ ಕಾರ್ಡಿಗೆ ಕುಂಚದಿಂದ, ಕೈಯಿಂದಲೇ ತುಂಬಿದರು. ಹೀಗೆ ಮೊದಲ ಕ್ರಿಸ್‌ಮಸ್ ಕಾರ್ಡಿನಲ್ಲೂ ಕೈಕೆಲಸ ಸೇರಿದೆ. ತಮಗೆ ಬೇಕಾದಷ್ಟು ಇಟ್ಟುಕೊಂಡು ಉಳಿದವನ್ನು ಒಂದಕ್ಕೆ ಒಂದು ಶಿಲಿಂಗಿನಂತೆ ಮಾರಾಟಕ್ಕಿಟ್ಟರು.

ಮೆಚ್ಚುಗೆಯ ಜೊತೆಗೆ ಟೀಕೆಯೂ ಬಂತು. ಚಿತ್ರದಲ್ಲಿ ಒಂದು ಪುಟ್ಟ ಮಗುವಿಗೂ ದ್ರಾಕ್ಷಾರಸ ಕುಡಿಸುತ್ತಿರುವಂತೆ ತೋರಿಸಿದ್ದರು. ಕುಡಿತ ಬಿಡಿಸುವ ಚಳವಳಿಯವರು ಇದಕ್ಕೆ ಸಿಟ್ಟಾದರು. ಅವರು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಇನ್ನೊಂದು ಕೊರತೆ ಬೆಲೆಯದು. ಒಂದು ಶಿಲಿಂಗ್ ಎಂದರೆ 12 ಪೆನ್ನಿ. ಟಪಾಲಿಗೆ ಒಂದು ಪೆನ್ನಿ, ಕಾರ್ಡಿಗೆ ಹನ್ನೆರಡು! ಬಡವರ ಪತ್ರಕ್ಕಾಗಿ ಹೋರಾಡಿದವರ ಕಾರ್ಡೇ ಬಡವರ ಕೈಗೆ ಎಟುಕಲಿಲ್ಲ. ಹಾಗಾಗಿ ಕಾರ್ಡು ಕೂಡಲೇ ಮನೆಮನೆಗೆ ಹರಡಲಿಲ್ಲ.

1860ರ ನಂತರ ಬಣ್ಣದ ಮುದ್ರಣ ಸಸ್ತಾ ಆಯಿತು. ಚಾರ್ಲ್ಸ್ ಗುಡಾಲ್ ಎಂಬ ಇಸ್ಪೀಟು ಎಲೆ ಮಾಡುವ ಕಂಪನಿ ಚಿಕ್ಕ ಕಾರ್ಡುಗಳನ್ನು ತಂದಿತು. ಅಂಚಿಗೆ ಉಬ್ಬು ಹೂವು, ಜಾಲರಿ ಕತ್ತರಿಸಿದ ಕಾಗದ ಇರುವ ಕಾರ್ಡುಗಳು ಬಂದವು. ಅಮೆರಿಕೆಯಲ್ಲಿ ಲೂಯಿ ಪ್ರಾಂಗ್ ಎಂಬವರು 1870ರ ದಶಕದಲ್ಲಿ ಇದನ್ನು ಜನಪ್ರಿಯ ಮಾಡಿದರು. ಕೋಲ್ ಅವರ ಮೊದಲ ಕಾರ್ಡುಗಳು ಈಗ ಕೆಲವೇ ಉಳಿದಿವೆ. 2001ರಲ್ಲಿ ಅಂಥ ಒಂದು ಕಾರ್ಡು ಹರಾಜಿನಲ್ಲಿ 20 ಸಾವಿರ ಪೌಂಡಿಗೂ ಹೆಚ್ಚಿಗೆ ಹೋಯಿತು. ಒಂದು ಶಿಲಿಂಗಿನ ವಸ್ತು!

ಮಕ್ಕಳ ಪುಸ್ತಕ, ಚಹಾದ ಕಪ್ಪು

ಕೋಲ್ ಅವರಿಗೆ ಫೆಲಿಕ್ಸ್ ಸಮ್ಮರ್ಲಿ ಎಂಬ ಇನ್ನೊಂದು ಹೆಸರಿತ್ತು. ನಮ್ಮ ಕವಿಗಳು ಕಾವ್ಯನಾಮ ಇಟ್ಟುಕೊಂಡಂತೆ ಅದು. ಅಂದಿನ ಮಕ್ಕಳ ಪುಸ್ತಕಗಳು ಬರೀ ಉಪದೇಶದಿಂದ ತುಂಬಿರುತ್ತಿದ್ದವು. ತಮ್ಮ ಮಕ್ಕಳಿಗೆ ಓದಲು ಒಳ್ಳೆಯ ಕಥೆ ಸಿಗುತ್ತಿಲ್ಲ ಎಂದು ಅವರು 1843ರಿಂದ ಈ ಹೆಸರಿನಲ್ಲಿ ಚಿತ್ರಗಳಿರುವ ಕಥೆಪುಸ್ತಕಗಳ ಮಾಲೆಯನ್ನೇ ಹೊರತಂದರು. ಕ್ರಿಸ್‌ಮಸ್ ಕಾರ್ಡು ಮಾರಾಟವಾದದ್ದೂ ಆ ಮಾಲೆಯ ಅಂಗಡಿಯಿಂದಲೇ. ಆಮೇಲೆ ದಿನಬಳಕೆಯ ಚಹಾದ ಕಪ್ಪು ಕೆಟಲಿನ ಸೆಟ್ಟೊಂದನ್ನು ರೂಪಿಸಿ ಬಹುಮಾನ ಪಡೆದರು. ಅರಮನೆಯ ಪಾತ್ರೆ ಮಾತ್ರ ಚೆಂದ ಇದ್ದರೆ ಸಾಲದು, ದಿನಾ ಚಹಾ ಕುಡಿಯುವ ಕಪ್ಪೂ ಚೆಂದ ಇರಬೇಕು ಎಂಬುದು ಅವರ ವಾದ.

ಮಹಾ ಪ್ರದರ್ಶನ ಮತ್ತು ನಮ್ಮ ಬಿದ್ರಿ

1851ರಲ್ಲಿ ಲಂಡನ್ನಿನಲ್ಲಿ ಜಗತ್ತಿನ ಎಲ್ಲ ದೇಶಗಳ ವಸ್ತುಗಳ ಮಹಾ ಪ್ರದರ್ಶನ ನಡೆಯಿತು. ರಾಣಿಯ ಪತಿ ಆಲ್ಬರ್ಟ್ ಅವರ ಬೆಂಬಲದಿಂದ ಇದನ್ನು ನಡೆಸಿದವರಲ್ಲಿ ಕೋಲ್ ಮುಖ್ಯರು. ಜೋಸೆಫ್ ಪ್ಯಾಕ್ಸ್‌ಟನ್ ಎಂಬ ತೋಟದ ಮೇಲ್ವಿಚಾರಕರು ಕಬ್ಬಿಣ ಮತ್ತು ಗಾಜಿನಿಂದ ದೊಡ್ಡ ಅರಮನೆಯ ನಕ್ಷೆ ಮಾಡಿಕೊಟ್ಟರು. ಮೇ 1ರಿಂದ ಅಕ್ಟೋಬರ್ 15ರವರೆಗೆ 60 ಲಕ್ಷ ಭೇಟಿಗಳು ಆದವು. ಕೂಲಿಕಾರರೂ ಬರಲೆಂದು ಕೆಲವು ದಿನ ಒಂದು ಶಿಲಿಂಗಿನ ಟಿಕೇಟು ಇಟ್ಟಿದ್ದರು. ಖರ್ಚೆಲ್ಲ ಕಳೆದು 1 ಲಕ್ಷ 86 ಸಾವಿರ ಪೌಂಡ್ ಉಳಿಯಿತು.

ಭಾರತದಿಂದ ಹೋದ ವಸ್ತುಗಳ ವಿಭಾಗಕ್ಕೆ ಜನ ಮುಗಿಬಿದ್ದರು. ನೇಯ್ಗೆ, ಕಸೂತಿ, ಲೋಹದ ಕೆಲಸ ನೋಡಿ ಅಲ್ಲಿನ ಕಲಾವಿದರು ಬೆರಗಾದರು. ನಮ್ಮ ಬೀದರಿನ ಹೆಸರು ಹೊತ್ತ ಬಿದ್ರಿ ಕೆಲಸದ ವಸ್ತುಗಳೂ ಅಲ್ಲಿದ್ದವು. ಬಿದ್ರಿ ಹ್ಯಾಂಗ ಮಾಡ್ತಾರೆ ಎಂಬುದು ನಮ್ಮ ಜಿಲ್ಲೆಯವರಿಗೆ ಗೊತ್ತೇ ಇದೆ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಉಳಿಯಿಂದ ಚಿತ್ತಾರ ಕೊರೆದು ಅದರಲ್ಲಿ ಬೆಳ್ಳಿ ಕೂರಿಸುತ್ತಾರೆ. ಕೊನೆಗೆ ಬೀದರ ಕೋಟೆಯ ಮಣ್ಣನ್ನು ನವಸಾಗರದ ಜೊತೆ ಕಲೆಸಿ ತಿಕ್ಕಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತದೆ.

ಪ್ರದರ್ಶನ ಮುಗಿದ ಮೇಲೆ ಒಳ್ಳೆಯ ವಸ್ತುಗಳನ್ನು ಕೊಂಡು ಇಡಲು ಸರ್ಕಾರ 5,000 ಪೌಂಡ್ ಕೊಟ್ಟಿತು. ಆರಿಸುವ ಸಮಿತಿಯಲ್ಲಿ ಕೋಲ್ ಇದ್ದರು. ಭಾರತದ ವಸ್ತುಗಳನ್ನೂ ಬಹಳ ಕೊಂಡರು. ಇಲ್ಲಿ ಒಂದು ಮಾತು ಹೇಳಲೇಬೇಕು. ಅಲ್ಲಿ ನಮ್ಮ ನೇಕಾರರ ಕೆಲಸವನ್ನು ಹೊಗಳುತ್ತಿದ್ದ ಕಾಲದಲ್ಲೇ, ಅಲ್ಲಿನ ಗಿರಣಿಗಳ ಬಟ್ಟೆ ಬಂದು ಇಲ್ಲಿನ ಮಗ್ಗಗಳು ನಿಲ್ಲುತ್ತಿದ್ದವು. ಹೊಗಳಿಕೆಯಿಂದ ನೇಕಾರರ ಹೊಟ್ಟೆ ತುಂಬಲಿಲ್ಲ.

ಕೆಲಸಗಾರರಿಗಾಗಿ ರಾತ್ರಿ ತೆರೆದ ವಸ್ತುಸಂಗ್ರಹಾಲಯ

ಆ ವಸ್ತುಗಳಿಂದಲೇ 1852ರಲ್ಲಿ ಒಂದು ವಸ್ತುಸಂಗ್ರಹಾಲಯ ಶುರುವಾಯಿತು. 1857ರಲ್ಲಿ ಅದು ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ಗೆ ಬಂತು. ಕೋಲ್ ಅದರ ಮೊದಲ ನಿರ್ದೇಶಕರು. ಹಗಲೆಲ್ಲ ದುಡಿಯುವವರು ಯಾವಾಗ ನೋಡಬೇಕು? ಅದಕ್ಕೆ ಅವರು ಗ್ಯಾಸ್ ದೀಪ ಹಚ್ಚಿಸಿ ರಾತ್ರಿಯೂ ಬಾಗಿಲು ತೆರೆದಿಟ್ಟರು. ದೂರದಿಂದ ಬಂದವರಿಗೆ ಅಲ್ಲೇ ಊಟ ತಿಂಡಿಯ ವ್ಯವಸ್ಥೆಯನ್ನೂ ಮಾಡಿದರು. ಕೆಟ್ಟ ವಿನ್ಯಾಸದ ವಸ್ತುಗಳಿಗೇ ಒಂದು ಕೋಣೆ ಮಾಡಿ, ಇವು ಯಾಕೆ ಚೆಂದ ಇಲ್ಲ ಎಂದೂ ತೋರಿಸಿದ್ದರು. ಅವನ್ನು ತಯಾರಿಸಿದವರಿಗೆ ಸಿಟ್ಟು ಬಾರದೆ ಇದ್ದೀತೇ! ಗೋಡೆಯ ಕಾಗದದ ಮೇಲೆ ಕುದುರೆಯ ಚಿತ್ರ ಇರಬಾರದು ಎಂಬಂಥ ಅವರ ಕಟ್ಟುನಿಟ್ಟನ್ನು ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಅವರು 1854ರ ಹಾರ್ಡ್ ಟೈಮ್ಸ್ ಎಂಬ ಕಾದಂಬರಿಯಲ್ಲಿ ಗೇಲಿ ಮಾಡಿದ್ದಾರೆ.

ದೂರದ ಕಲಾಕೃತಿಗಳನ್ನು ಎಲ್ಲರೂ ಹೋಗಿ ನೋಡಲಾಗುವುದಿಲ್ಲ. ಅದಕ್ಕೆ ಅವುಗಳ ಅಚ್ಚು ತೆಗೆದು ಪ್ಲಾಸ್ಟರಿನ ಪ್ರತಿ ಮಾಡಿಸುವ ಕೆಲಸಕ್ಕೂ ಕೋಲ್ ಕೈಹಾಕಿದರು. ಅವರ ಮಗ ಹೆನ್ರಿ ಹಾರ್ಡಿ ಕೋಲ್ 1869-70ರಲ್ಲಿ ನಮ್ಮ ಸಾಂಚಿಯ ಪೂರ್ವದ ತೋರಣದ ಅಚ್ಚು ತೆಗೆದು ಲಂಡನ್ನಿಗೆ ಕಳಿಸಿದರು. ಮುಂದೆ ಇದೇ ಮಗ ಭಾರತದಲ್ಲಿ ಪ್ರಾಚೀನ ಸ್ಮಾರಕಗಳನ್ನು ನೋಡಿಕೊಳ್ಳುವ ಅಧಿಕಾರಿಯೂ ಆದರು.

ಅಂತಿಮ ದಿನಗಳು

1873ರಲ್ಲಿ ಕೋಲ್ ನಿವೃತ್ತರಾದರು. 1875ರಲ್ಲಿ ಸರ್ ಪದವಿ ಬಂತು. ಸುಮ್ಮನೆ ಕೂರುವ ಜಾಯಮಾನ ಅವರದಲ್ಲ. ಅಡುಗೆ ಕಲಿಸುವ ಶಾಲೆ, ಸಂಗೀತ ಕಲಿಸುವ ಶಾಲೆ ಎಂದು ಓಡಾಡುತ್ತಲೇ ಇದ್ದರು. 1882ರ ಏಪ್ರಿಲ್ 18ರಂದು ಲಂಡನ್ನಿನಲ್ಲಿ ತೀರಿಕೊಂಡರು. ಆಗ ಅವರಿಗೆ 73 ವರ್ಷ. ಅವರ ಆತ್ಮಕಥೆಯನ್ನು ಮಕ್ಕಳು ಪೂರ್ತಿ ಮಾಡಿ 1884ರಲ್ಲಿ ಪ್ರಕಟಿಸಿದರು. ಅವರು ಬೆಳೆಸಿದ ವಸ್ತುಸಂಗ್ರಹಾಲಯಕ್ಕೆ 1899ರಲ್ಲಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಎಂದು ಹೆಸರಿಟ್ಟರು. ಸಾಂಚಿಯ ತೋರಣದ ಪ್ರತಿ ಹೋಗಿದ್ದು ಅಲ್ಲಿಗೇ, ಬಿದ್ರಿಯ ದೊಡ್ಡ ಸಂಗ್ರಹ ಇರುವುದೂ ಅಲ್ಲೇ.

ಈ ಜೀವನದಿಂದ ನಾವು ತಿಳಿಯುವುದೇನು?

ಕೋಲ್ ಅವರು ಹಿಡಿದ ಕೆಲಸಗಳೆಲ್ಲ ಬೇರೆ ಬೇರೆ. ದಾಖಲೆ, ಟಪಾಲು, ಕಾರ್ಡು, ಕಪ್ಪು, ಪ್ರದರ್ಶನ. ಆದರೆ ಎಲ್ಲದರ ಹಿಂದೆ ಒಂದೇ ಹಟ ಕಾಣುತ್ತದೆ. ಒಳ್ಳೆಯದು, ಚೆಂದದ್ದು ಕೆಲವರ ಮನೆಯಲ್ಲೇ ಉಳಿಯಬಾರದು, ಸಾಮಾನ್ಯರಿಗೂ ಮುಟ್ಟಬೇಕು. ಟಪಾಲಿನಲ್ಲಿ ಅದು ಕೈಗೂಡಿತು. ರಾತ್ರಿ ತೆರೆದ ವಸ್ತುಸಂಗ್ರಹಾಲಯದಲ್ಲಿಯೂ ಕೈಗೂಡಿತು. ಕಾರ್ಡಿನಲ್ಲಿ ಮಾತ್ರ ಆಗಲಿಲ್ಲ. ಅದಕ್ಕೆ ಬೆಲೆ ಅಡ್ಡ ಬಂತು.

ಇನ್ನೊಂದು ಮಾತು. ಕೋಲ್ ಕಾರ್ಡು ಮಾಡಿಸಿದ್ದೇ ವೇಳೆ ಇಲ್ಲ ಎಂದು. ಇಂದು ನಾವು ಒಂದೇ ಚಿತ್ರವನ್ನು ಮೊಬೈಲಿನಲ್ಲಿ ನೂರು ಮಂದಿಗೆ ಕಳಿಸುವುದೂ ಅದೇ ಕಾರಣಕ್ಕೆ. ಆದ್ರೆ ಕೋಲ್ ತಮ್ಮ ಕಾರ್ಡಿನಲ್ಲಿ ಹೆಸರು ಬರೆಯುವ ಜಾಗ ಬಿಟ್ಟಿದ್ದರು. ಸಾವಿರ ಕಾರ್ಡು ಒಂದೇ ತರಹ ಇದ್ದರೂ ಆ ಜಾಗದಲ್ಲಿ ಇವರಿಗೇ ಎಂದು ಕೈಯಿಂದ ಬರೆಯಬೇಕಿತ್ತು. ಮೊಬೈಲಿನ ಚಿತ್ರದಲ್ಲಿ ಆ ಜಾಗ ಹೋಗಿಬಿಟ್ಟಿದೆ. ನಮ್ಮ ಊರುಗಳಿಂದ ಹೈದರಾಬಾದಿಗೆ, ಪುಣೆಗೆ, ಮುಂಬಯಿಗೆ ದುಡಿಯಲು ಹೋದ ಅಣ್ಣಂದಿರು, ಅಕ್ಕಂದಿರು ಎಷ್ಟೋ ಮಂದಿ ಇದ್ದಾರೆ. ತನ್ನ ಹೆಸರು ಬರೆದ ಕಾರ್ಡು ಊರಿನಿಂದ ಬಂತೆಂದರೆ ಅವರು ಅದನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ನೀವೇ ಯೋಚಿಸಿರಿ.

ಅದಕ್ಕೆ ಅಂಗಡಿಯ ಕಾರ್ಡೇ ಬೇಕಿಲ್ಲ. ಅಚ್ಚು ಒತ್ತುವುದು ನಮಗೆ ಹೊಸದೂ ಅಲ್ಲ. ಗೌರಿ ಹುಣ್ಣಿಮೆಯ ಸಕ್ಕರೆ ಆರತಿ ಮರದ ಅಚ್ಚಿನಲ್ಲಿ ಮೂಡುತ್ತದೆ. ಮುಖ್ಯ ಗುರುಗಳ ಮೇಜಿನ ಮೇಲೆ ಶಾಲೆಯ ಸಿಕ್ಕಾ ಇದೆ. ನಾಣ್ಯದ ಮೇಲಿನ ಸಿಂಹಗಳು ಉಬ್ಬಚ್ಚಿನವು. ಲಗ್ನಪತ್ರಿಕೆಯ ಮೇಲಿನ ಗಣಪತಿಯೂ ಎಷ್ಟೋ ಸಲ ಉಬ್ಬಚ್ಚೇ.

ಠಸ್ಸೆಯ ಕಾರ್ಡು ಮಾಡುವ ವಿಧಾನ

1. ದಪ್ಪ ಬಿಳಿ ಹಾಳೆಯನ್ನು ಅಂಗೈ ಅಗಲಕ್ಕೆ ಕತ್ತರಿಸಿ ನಡುವೆ ಮಡಚಿರಿ. ಹಳೆಯ ಲಗ್ನಪತ್ರಿಕೆಯ ಖಾಲಿ ಬದಿಯೂ ನಡೆಯುತ್ತದೆ.

2. ಬೆಂಡಿಕಾಯಿಯನ್ನು ಅಡ್ಡ ಕೊಯ್ಯಿರಿ. ಕೊಯ್ದ ಮುಖ ನಕ್ಷತ್ರದಂತೆ ಕಾಣುತ್ತದೆ. ಸಾಮಾನ್ಯವಾಗಿ ಐದು ಮೂಲೆ ಇರುತ್ತವೆ. ಕ್ರಿಸ್‌ಮಸ್ಸಿಗೆ ನಕ್ಷತ್ರವೇ ಗುರುತು, ಅಂದಮೇಲೆ ಇದಕ್ಕಿಂತ ಒಳ್ಳೆಯ ಠಸ್ಸೆ ಬೇಕೇ? ಲೋಳೆಯನ್ನು ಬಟ್ಟೆಯಿಂದ ಒರೆಸಿ ಸ್ವಲ್ಪ ಹೊತ್ತು ಆರಲು ಬಿಡಿರಿ. ಒದ್ದೆ ಇದ್ದರೆ ಬಣ್ಣ ಹರಡುತ್ತದೆ.

3. ಒಂದು ಡಬ್ಬಿಯ ಮುಚ್ಚಳದಲ್ಲಿ ಬಟ್ಟೆ ಮಡಚಿಟ್ಟು ಅದಕ್ಕೆ ಗಟ್ಟಿ ಬಣ್ಣ ಅಥವಾ ಸ್ಟ್ಯಾಂಪ್ ಪ್ಯಾಡಿನ ಮಸಿ ಹಾಕಿರಿ. ಠಸ್ಸೆಯನ್ನು ಅದಕ್ಕೆ ಮುಟ್ಟಿಸಿ ಮೊದಲು ರದ್ದಿ ಕಾಗದದ ಮೇಲೆ ಒತ್ತಿ ನೋಡಿರಿ. ಆಮೇಲೆ ಕಾರ್ಡಿನ ಮೇಲೆ. ನೇರ ಒತ್ತಬೇಕು, ನೇರ ಎತ್ತಬೇಕು. ಅಲ್ಲಾಡಿಸಿದರೆ ಚಿತ್ರ ಕೆಡುತ್ತದೆ.

4. ಅಕ್ಷರ ಬೇಕಾದರೆ ಆಲೂಗಡ್ಡಿ ಅಥವಾ ಅಳಿಸುವ ರಬ್ಬರಿನಲ್ಲಿ ಕೆತ್ತಬಹುದು. ಕನ್ನಡಿಯಲ್ಲಿ ಕಂಡಂತೆ ತಿರುವು ಮುರುವು ಕೆತ್ತಿದರೆ ಮಾತ್ರ ಕಾಗದದ ಮೇಲೆ ಸರಿಯಾಗಿ ಬರುತ್ತದೆ. ಬ್ಲೇಡಿನ ಕೆಲಸವನ್ನು ಚಿಕ್ಕ ತರಗತಿಯವರು ತಾವೇ ಮಾಡಬಾರದು, ದೊಡ್ಡವರಿಂದ ಮಾಡಿಸಿಕೊಳ್ಳಿರಿ.

ಉಬ್ಬಚ್ಚಿನ ಕಾರ್ಡು ಮಾಡುವ ವಿಧಾನ

1. ಬೂಟಿನ ಡಬ್ಬಿಯಂಥ ರಟ್ಟಿನಲ್ಲಿ ನಿಮಗೆ ಬೇಕಾದ ಆಕಾರದ ರಂಧ್ರ ಕತ್ತರಿಸಿರಿ. ನಕ್ಷತ್ರ, ದೀಪ, ಎಲೆ, ಗಂಟೆ ಯಾವುದಾದರೂ ಸರಿ.

2. ರಟ್ಟನ್ನು ಕೆಳಗಿಟ್ಟು ಅದರ ಮೇಲೆ ಕಾರ್ಡನ್ನು ಮುಖ ಕೆಳಗೆ ಮಾಡಿ ಇಡಿರಿ. ಎರಡೂ ಜರುಗದಂತೆ ಹಿಡಿಯಿರಿ. ಬೆಳಕು ಬೀಳುವ ಕಿಟಕಿಯ ಗಾಜಿಗೆ ಒರಗಿಸಿದರೆ ರಂಧ್ರದ ಅಂಚು ಕಾಣುತ್ತದೆ.

3. ಮಸಿ ಮುಗಿದ ಬಾಲ್‌ಪೆನ್ನಿನ ತುದಿಯಿಂದ ಅಥವಾ ಸಣ್ಣ ಚಮಚದ ಹಿಡಿಕೆಯಿಂದ ಅಂಚಿನ ಗುಂಟ ಮೆಲ್ಲಗೆ ಒತ್ತುತ್ತ ಹೋಗಿರಿ. ಒಂದೇ ಸಲ ಜೋರು ಮಾಡಿದರೆ ಕಾಗದ ಹರಿಯುತ್ತದೆ. ಎರಡು ಮೂರು ಸುತ್ತು ಮಾಡಿದರೆ ಸಾಕು. ಕಾಗದಕ್ಕೆ ಮೊದಲೇ ಸ್ವಲ್ಪ ಮೇಣದಬತ್ತಿ ಉಜ್ಜಿದರೆ ತುದಿ ಸರಾಗ ಜಾರುತ್ತದೆ.

4. ಕಾರ್ಡು ತಿರುಗಿಸಿ ನೋಡಿರಿ, ಚಿತ್ರ ಉಬ್ಬಿ ನಿಂತಿರುತ್ತದೆ! ಬಣ್ಣ ಹಚ್ಚದೆ ಹಾಗೇ ಬಿಟ್ಟರೂ ಚೆಂದ. ಕಣ್ಣು ಕಾಣದ ಅಜ್ಜ ಅಜ್ಜಿಯರಿಗೆ ಕೊಟ್ಟರೆ ಅವರೂ ಬೆರಳಿನಿಂದ ಮುಟ್ಟಿ ನೋಡುತ್ತಾರೆ.

ಪಟ್ಟಣಗಳಲ್ಲಿ ಉಬ್ಬು ಮಾಡಲು ಒಂದು ಪುಡಿ ಸಿಗುತ್ತದೆ. ಹಸಿ ಮಸಿಯ ಮೇಲೆ ಅದನ್ನು ಉದುರಿಸಿ ಬಿಸಿ ತೋರಿಸಿದರೆ ಕರಗಿ ಉಬ್ಬುತ್ತದೆ. ನಾವು ಬೆಂಕಿಯ ಗೋಜಿಗೆ ಹೋಗುವುದು ಬೇಡ, ಒತ್ತಿ ಮಾಡುವುದೇ ಒಳ್ಳೆಯದು.

ಗೆಳೆಯರೇ, ಕ್ರಿಸ್‌ಮಸ್ ಆಚರಿಸುವ ನಮ್ಮ ಗೆಳೆಯರ ಮನೆಗಳಿಗೆ ಮೊದಲು ಕಾರ್ಡು ಕೊಡೋಣ. ಸಂಕ್ರಾಂತಿಗೆ ಎಳ್ಳು ಬೆಲ್ಲದ ಜೊತೆಗೂ ಕೊಡಬಹುದು. ಕಾರ್ಡು ಮಾಡಿದ ಮೇಲೆ ಒಳಗೆ ಎರಡು ಸಾಲು ನಿಮ್ಮದೇ ಅಕ್ಷರದಲ್ಲಿ ಬರೆಯಿರಿ. ಮೇಲೆ ಅವರ ಹೆಸರು, ಕೆಳಗೆ ನಿಮ್ಮ ಹೆಸರು ಹಾಕುವುದನ್ನು ಮರೆಯಬೇಡಿರಿ. ಊರು ಬಿಟ್ಟು ಹೋದವರಿಗೆ ಕಳಿಸುವುದಾದರೆ ಪೂರ್ತಿ ವಿಳಾಸ, ಪಿನ್‌ಕೋಡ್ ಬರೆದು ವಾರ ಮುಂಚೆಯೇ ಟಪಾಲಿಗೆ ಹಾಕಿರಿ.

ಚೆಂದ ಮೂಡಿದ ಒಂದು ಕಾರ್ಡನ್ನು ತಂದು ಈ ಗೋಡೆ ಪತ್ರಿಕೆಯ ಕೆಳಗಿನ ಖಾಲಿ ಜಾಗದಲ್ಲಿ ಅಂಟಿಸಿರಿ, ಎಲ್ಲರೂ ನೋಡಲಿ.

ಎಲ್ಲರಿಗೂ ಹಬ್ಬಗಳ ಶುಭಾಶಯಗಳು.